ಕ್ಯೂಆರ್ ಕೋಡ್ ಕಿತ್ತುಹಾಕಿದರೆ ಜಿಎಸ್‌ಟಿ ಕಾಟ ತಪ್ಪುತ್ತದೆಯೇ?

ಪ್ರಶ್ನೆ: ತುಮಕೂರಿನಲ್ಲಿ ನಾವು ಗಂಡ ಹೆಂಡತಿ ಹದಿನಾಲ್ಕು ವರ್ಷದಿಂದ ಕಾಂಡಿಮೆಂಟ್ಸ್ ನಡೆಸುತ್ತಿದ್ದೇವೆ. ಹಾಲು, ಮೊಸರು, ಬ್ರೆಡ್, ಬಾಳೆಹಣ್ಣು, ಬಿಸ್ಕತ್ತು, ಸೋಪು, ಕೂಲ್‌ಡ್ರಿಂಕ್ಸ್ ಮಾರುತ್ತೇವೆ. 2025ರ ಜುಲೈನಲ್ಲಿ ಪಕ್ಕದ ಬೇಕರಿಯವರಿಗೆ ಜಿಎಸ್‌ಟಿ ನೋಟಿಸ್ ಬಂತು. ಅದನ್ನು ನೋಡಿ ನಮ್ಮ ಯಜಮಾನರು ಕ್ಯೂಆರ್ ಸ್ಟಿಕ್ಕರ್ ಕಿತ್ತು, ‘ಕ್ಯಾಶ್ ಮಾತ್ರ’ ಅಂತ ರಟ್ಟು ನೇತುಹಾಕಿದರು. ಅವತ್ತಿನಿಂದ ಕಾಲೇಜು ಹುಡುಗರು ಬಾಗಿಲ ತನಕ ಬಂದು ವಾಪಸ್ ಹೋಗುತ್ತಾರೆ. ನಮ್ಮ ಖಾತೆಗೆ 2024–25ರಲ್ಲಿ ಯುಪಿಐನಿಂದ 46 ಲಕ್ಷ ಬಂದಿದೆಯಂತೆ. ಮಗಳು ಕಳಿಸುವ ದುಡ್ಡು, ಚೀಟಿ ದುಡ್ಡು ಎಲ್ಲ ಅದರಲ್ಲೇ ಇದೆ. ನಮಗೂ ನೋಟಿಸ್ ಬರುತ್ತದೆಯೇ? ಮೈದುನನ ಹೆಸರಿನ ಕ್ಯೂಆರ್ ಇಡೋಣ ಅನ್ನುತ್ತಾರೆ ಯಜಮಾನರು. ಅದು ಸರಿಯೇ? ರಾತ್ರಿ ನಿದ್ದೆ ಬರುತ್ತಿಲ್ಲ. (ಹೆಸರು ಬೇಡ, ತುಮಕೂರು)

ಉತ್ತರ: ಮೊದಲು ನಿದ್ದೆಯ ಮಾತು. ನಿಮ್ಮ ಕಾಗದದ ಜೊತೆ ಇಟ್ಟಿದ್ದ ಲೆಕ್ಕದ ಚೀಟಿಯನ್ನು ಎರಡು ಸಲ ಓದಿದೆ. ನಿಮ್ಮಂಥ ಅಂಗಡಿ ಇನ್ನು ಮುಂದೆ ಕಟ್ಟಬೇಕಾಗಿ ಬರುವ ಜಿಎಸ್‌ಟಿ, ನಾನು ಕೂಡಿ ಕಳೆದು ನೋಡಿದಂತೆ, ದಿನಕ್ಕೆ 70 ರೂಪಾಯಿಗಿಂತ ಕಡಿಮೆ. ಅದು ಹೇಗೆಂದು ಕೆಳಗೆ ಬಿಡಿಸಿ ಬರೆದಿದ್ದೇನೆ. ಓದುವಾಗ ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆ ಜುಲೈ ತಿಂಗಳು ನನಗೂ ಮರೆಯುವಂಥದ್ದಲ್ಲ. ಬೆಳಿಗ್ಗೆ ನಮ್ಮ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಜನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಒಬ್ಬ ಹೂವಿನ ವ್ಯಾಪಾರಿ ನೋಟಿಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಂಗಿಯ ಒಳಜೇಬಿನಲ್ಲಿಟ್ಟು ತಂದಿದ್ದರು. ಹೆಂಡತಿಗೆ ಇನ್ನೂ ತೋರಿಸಿರಲಿಲ್ಲ. ಬಿಡಿ ಹೂವಿಗೆ ಜಿಎಸ್‌ಟಿಯೇ ಇಲ್ಲ ಎಂದು ಹೇಳಿದಾಗ ಆ ಮನುಷ್ಯ ಐದು ನಿಮಿಷ ಮಾತಾಡಲಿಲ್ಲ. ಅವರ ಬ್ಯಾಂಕ್ ಸ್ಟೇಟ್‌ಮೆಂಟು, ಮಂಡಿಯ ಚೀಟಿಗಳು ಎಲ್ಲ ಜೋಡಿಸಿ ಉತ್ತರ ಬರೆದು ಕೊಟ್ಟೆವು. ವಿಚಾರಣೆಯ ದಿನ ಅಧಿಕಾರಿ ಸಮಾಧಾನವಾಗಿ ನೋಡಿ ಮುಗಿಸಿದರು. ಆದರೆ ಅದಕ್ಕೆ ಮೊದಲಿನ ಹತ್ತು ದಿನ ಆ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಿರಲಿಲ್ಲ.

ಆಗ ನಡೆದದ್ದೇನು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ, ಬೇರು ಅಲ್ಲೇ ಇದೆ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಸೇವೆ ಕೊಡುವವರಿಂದ 2021–22ರಿಂದ 2024–25ರವರೆಗಿನ ಮಾಹಿತಿ ತರಿಸಿಕೊಂಡಿತು. ಹಾಗೆ ಮಾಹಿತಿ ಕೇಳುವ ಅಧಿಕಾರ ಕಾನೂನಿನಲ್ಲಿ ಇದೆ. ಯಾರ ಖಾತೆಗೆ ಮಿತಿ ಮೀರಿ ಹಣ ಬಂದಿತ್ತೋ, ನೋಂದಣಿ ಇರಲಿಲ್ಲವೋ, ಅವರಿಗೆಲ್ಲ ನೋಟಿಸ್ ಹೋಯಿತು. ಹಾಲಿನವರು, ತರಕಾರಿಯವರು, ಕಾಂಡಿಮೆಂಟ್ಸ್, ಬೇಕರಿ, ಟೀ ಅಂಗಡಿ ಎಲ್ಲರೂ ಒಂದೇ ಜರಡಿಗೆ ಬಿದ್ದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ ಲೆಕ್ಕಕ್ಕೆ ಸುಮಾರು 29 ಲಕ್ಷ ರೂಪಾಯಿಯ ನೋಟಿಸ್ ಬಂದ ಸುದ್ದಿಯನ್ನು ನೀವೂ ಓದಿರುತ್ತೀರಿ. ಬೆಂಗಳೂರಿನ ಅಂಗಡಿಗಳಲ್ಲಿ ‘ನೋ ಯುಪಿಐ’ ಬೋರ್ಡುಗಳು ಎದ್ದವು, 25ನೇ ತಾರೀಕು ಬಂದ್ ಕರೆ ಆಯಿತು. ಅದಕ್ಕೆ ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದರು. ತೆರಿಗೆ ಇಲ್ಲದ ಸಾಮಾನು ಮಾರುವವರು ಹೆದರಬೇಕಿಲ್ಲ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಆಗಬೇಕಾದವರು ಆಗಲೇಬೇಕು ಎಂದರು.

ಇಷ್ಟಾದ ಮೇಲೆ ನನ್ನ ಅಭಿಪ್ರಾಯ ಹೇಳಲೇಬೇಕು. ಬ್ಯಾಂಕಿಗೆ ಬಂದದ್ದೆಲ್ಲ ವ್ಯಾಪಾರವಲ್ಲ, ವ್ಯಾಪಾರವಾದದ್ದಕ್ಕೆಲ್ಲ ತೆರಿಗೆಯೂ ಇಲ್ಲ. ಈ ಎರಡು ಜರಡಿ ಹಿಡಿಯದೆ ಬರೀ ಜಮಾ ಮೊತ್ತ ನೋಡಿ ಕಾಗದ ಕಳಿಸಿದ್ದು ಬಡ ವ್ಯಾಪಾರಿಗಳ ಎದೆ ಒಡೆಸಿತು. ಮೊದಲು ತಿಳಿವಳಿಕೆ, ಆಮೇಲೆ ನೋಟಿಸ್ ಎಂಬ ಕ್ರಮ ಇಡಬೇಕಿತ್ತು. ಹಾಗೆಂದು ವ್ಯಾಪಾರಿಗಳು ಮಾಡಿದ್ದೆಲ್ಲ ಸರಿ ಎಂದೂ ಅಲ್ಲ. ಲಕ್ಷಗಟ್ಟಲೆ ವಹಿವಾಟು ಮಾಡುತ್ತಾ ಒಂದು ನೋಟ್‌ಬುಕ್ಕೂ ಇಡದವರನ್ನು ನಾನು ದಿನಾ ನೋಡುತ್ತೇನೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಜಿಎಸ್‌ಟಿಯಲ್ಲಿ ನೋಂದಣಿಗೆ ಎರಡು ಗಡಿಗಳಿವೆ. ಬರೀ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ದಿನದ ಲೆಕ್ಕಕ್ಕೆ ಇಳಿಸಿದರೆ 40 ಲಕ್ಷ ಎಂದರೆ ದಿನಕ್ಕೆ ಸುಮಾರು 10,960 ರೂಪಾಯಿ ವ್ಯಾಪಾರ, 20 ಲಕ್ಷ ಎಂದರೆ ಸುಮಾರು 5,480. ಬಸ್ ಸ್ಟ್ಯಾಂಡಿನ ಹತ್ತಿರದ ಯಾವ ಅಂಗಡಿಯಾದರೂ ಗೊತ್ತಿಲ್ಲದೆಯೇ ಈ ಗಡಿ ದಾಟಿಬಿಡುತ್ತದೆ. ಇಲ್ಲಿ ಬಹಳ ಜನ ಎಡವುವ ಕಲ್ಲೊಂದಿದೆ. ಅಂಗಡಿಯಲ್ಲೇ ಒಲೆ ಇಟ್ಟು ಟೀ ಕಾಯಿಸಿ ಕೊಟ್ಟರೆ, ಇಡ್ಲಿ ಚಿತ್ರಾನ್ನ ಮಾಡಿ ಬಡಿಸಿದರೆ, ಕಾನೂನಿನ ಲೆಕ್ಕದಲ್ಲಿ ಅದು ಸೇವೆ. ಆಗ ಬಿಸ್ಕತ್ತು ಸೋಪಿನ ವ್ಯಾಪಾರವನ್ನೂ ಸೇರಿಸಿ 20 ಲಕ್ಷದ ಗಡಿಯೇ ಅನ್ವಯ. ಟೀ ಪುಡಿಯ ಪೊಟ್ಟಣ ಮಾರುವುದು ಸಾಮಾನು, ಟೀ ಲೋಟ ಕೊಡುವುದು ಸೇವೆ. ನಿಮ್ಮಲ್ಲಿ ಒಲೆ ಇಲ್ಲವೆಂದು ಬರೆದಿದ್ದೀರಿ, ಹಾಗಾಗಿ ನಿಮ್ಮದು 40 ಲಕ್ಷದ ಗಡಿ. ಮುಂದೆ ‘ಒಂದು ಫ್ಲಾಸ್ಕ್ ಟೀ ಇಡೋಣ’ ಅನ್ನಿಸಿದಾಗ ಈ ಸಾಲು ನೆನಪಿರಲಿ.

46 ಲಕ್ಷದಲ್ಲಿ ವ್ಯಾಪಾರದ್ದಲ್ಲದ ಹಣ ಎಷ್ಟು? ಮಗಳು ತಿಂಗಳಿಗೆ 15,000 ಕಳಿಸುತ್ತಾಳೆ, ವರ್ಷಕ್ಕೆ 1,80,000. ಚೀಟಿ ಎತ್ತಿದ್ದು 3,00,000. ಆಮೇಲೆ ನೀವೇ ಬರೆದಂತೆ, ‘ಅಣ್ಣ, ಫೋನ್‌ಪೇ ಮಾಡ್ತೀನಿ, ಐನೂರು ಕ್ಯಾಶ್ ಕೊಡಿ’ ಅನ್ನುವವರು ದಿನಾ ಒಬ್ಬಿಬ್ಬರು. ಇದು ಸಣ್ಣದೆಂದು ಕಾಣುತ್ತದೆ, ವರ್ಷಕ್ಕೆ ಕೂಡಿದರೆ ನಿಮ್ಮ ಅಂದಾಜಿನಲ್ಲೇ 2,20,000. ಮೂರೂ ಸೇರಿ 7 ಲಕ್ಷ. ಇವು ಯಾವುವೂ ವಹಿವಾಟಲ್ಲ. 46ರಲ್ಲಿ ಇದನ್ನು ಕಳೆದರೆ ಉಳಿಯುವುದು 39 ಲಕ್ಷ.

ಇಲ್ಲಿಗೇ ನಿಲ್ಲಿಸಿದರೆ ‘ಗಡಿಯೊಳಗೇ ಇದ್ದೀವಿ’ ಎಂದು ಖುಷಿಪಡಬಹುದು. ಆದರೆ ನಾನು ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಗಲ್ಲಾಪೆಟ್ಟಿಗೆಗೆ ಬಿದ್ದ ನಗದೂ ವಹಿವಾಟೇ. ನೀವು ಕೊಟ್ಟ ಅಂದಾಜು 9 ಲಕ್ಷ. ಒಟ್ಟು 48 ಲಕ್ಷ ಆಯಿತು. ಗಡಿ ದಾಟಿದ್ದೀರಿ, ನೋಂದಣಿ ಆಗಬೇಕು.

ಇದೇ ಕಾರಣಕ್ಕೆ ಕ್ಯೂಆರ್ ಕಿತ್ತಿದ್ದರಿಂದ ಏನೂ ಆಗಲಿಲ್ಲ. ತೆರಿಗೆ ಹುಟ್ಟುವುದು ಮಾರಾಟದಿಂದ. ಗಿರಾಕಿ ನೋಟು ಕೊಟ್ಟರೂ ಅಷ್ಟೇ, ಫೋನ್ ತೋರಿಸಿದರೂ ಅಷ್ಟೇ. ಸ್ಟಿಕ್ಕರ್ ಕಿತ್ತಾಗ ಹೋದದ್ದು ಗಿರಾಕಿಗಳು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಹೆಚ್ಚು ಯುಪಿಐ ಪಾವತಿಗಳಾಗಿವೆ. ಇಪ್ಪತ್ತು ವರ್ಷದ ಹುಡುಗನ ಜೇಬಿನಲ್ಲಿ ಪರ್ಸೇ ಇರುವುದಿಲ್ಲ. ಅವನು ನಿಮ್ಮ ಬಾಗಿಲಿನಿಂದ ಎದುರಂಗಡಿಗೆ ಹೋಗದೆ ಇನ್ನೇನು ಮಾಡಿಯಾನು?

ಹಾಗಾದರೆ 48 ಲಕ್ಷಕ್ಕೂ ತೆರಿಗೆಯೇ? ಅಲ್ಲ, ಇಲ್ಲಿಯೇ ನಿಮಗೆ ಅನುಕೂಲ ಇರುವುದು. ಪ್ಯಾಕೆಟ್ ಹಾಲಿಗೆ ಜಿಎಸ್‌ಟಿ ಇಲ್ಲ. ಬಾಳೆಹಣ್ಣಿಗಿಲ್ಲ, ಬ್ರೆಡ್‌ಗೂ ಇಲ್ಲ. ಪ್ಯಾಕೆಟ್ ಮೊಸರಿಗೆ ಮಾತ್ರ 2022ರ ಜುಲೈ 18ರಿಂದ ಶೇ. 5 ಇದೆ, ಹಾಲು ಮೊಸರು ಎರಡೂ ಒಂದೇ ಕ್ರೇಟಿನಲ್ಲಿ ಬರುತ್ತವೆಂದು ಒಟ್ಟಿಗೆ ಬರೆಯಬೇಡಿ. ನಿಮ್ಮ ಇಂಡೆಂಟ್ ಚೀಟಿಗಳ (ಸಾಮಾನು ತರಿಸಲು ಬರೆದುಕೊಡುವ ಆರ್ಡರ್ ಚೀಟಿ) ಪ್ರಕಾರ ಹಾಲೇ 20 ಲಕ್ಷ, ಬ್ರೆಡ್ಡು ಹಣ್ಣು 3 ಲಕ್ಷ. ಈ 23 ಲಕ್ಷಕ್ಕೆ ತೆರಿಗೆ ಇಲ್ಲ. ಗಡಿ ದಾಟಿದೆಯೋ ಇಲ್ಲವೋ ಎಂದು ನೋಡುವಾಗ ಇದನ್ನೂ ಕೂಡಿಸಬೇಕು, ತೆರಿಗೆ ಹಾಕುವಾಗ ಬಿಡಬೇಕು. ಇದು ಬಹಳ ಜನಕ್ಕೆ ಗೊಂದಲ ಉಂಟುಮಾಡುವ ಜಾಗ. ಬರೀ ಹಾಲು, ಬರೀ ತರಕಾರಿ, ಬರೀ ಹೂವು ಮಾರುವವರಿಗೆ ವಹಿವಾಟು ಕೋಟಿ ಮುಟ್ಟಿದರೂ ನೋಂದಣಿ ಬೇಡ. ಅದರ ಜೊತೆ ಒಂದು ಸಾಲು ಬಿಸ್ಕತ್ತು ಜೋಡಿಸಿಟ್ಟ ಕೂಡಲೇ ‘ಬರೀ’ ಎಂಬ ಮಾತು ಹೋಯಿತು, ಎಲ್ಲವನ್ನೂ ಕೂಡಿ 40 ಲಕ್ಷ ಎಣಿಸಬೇಕಾಗುತ್ತದೆ.

ನಿಮಗೆ ಉಳಿದದ್ದು 25 ಲಕ್ಷ. ಇದಕ್ಕೆ ರಾಜಿ ತೆರಿಗೆ ಪದ್ಧತಿ ಎಂದು ಒಂದಿದೆ, ಪೇಟೆಯಲ್ಲಿ ಎಲ್ಲರೂ ಕಾಂಪೊಸಿಷನ್ ಅನ್ನುತ್ತಾರೆ. ವಹಿವಾಟು ವರ್ಷಕ್ಕೆ ಒಂದೂವರೆ ಕೋಟಿಯೊಳಗಿರುವ ಸಣ್ಣ ವ್ಯಾಪಾರಿಗಳಿಗೆ ಇರುವ ದಾರಿ. ಕೊಂಡು ಮಾರುವ ವ್ಯಾಪಾರಿ ತೆರಿಗೆ ಇರುವ ಸಾಮಾನಿನ ಮಾರಾಟದ ಮೇಲೆ ಶೇ. 1 ಕಟ್ಟಿದರೆ ಮುಗಿಯಿತು. ಮದ್ಯ ಇಲ್ಲದ ಹೋಟೆಲಿನವರಿಗೆ ಶೇ. 5. ನಿಮ್ಮ 25 ಲಕ್ಷಕ್ಕೆ ಶೇ. 1 ಎಂದರೆ ವರ್ಷಕ್ಕೆ 25,000. ದಿನಕ್ಕೆ 68 ರೂಪಾಯಿ ಚಿಲ್ಲರೆ. ಬೇಕರಿಯವರ ನೋಟಿಸ್ ನೋಡಿ ನಿಮ್ಮ ಯಜಮಾನರು ಮನಸ್ಸಿನಲ್ಲೇ 46 ಲಕ್ಷಕ್ಕೆ ಶೇ. 18 ಹಾಕಿ 8,28,000 ಎಂದು ಎಣಿಸಿದ್ದರಲ್ಲ, ಆ ಎಂಟು ಲಕ್ಷ ಎಲ್ಲಿ, ಈ 25,000 ಎಲ್ಲಿ?

ಆದರೆ ಕಾಂಪೊಸಿಷನ್‌ಗೆ ಅದರದ್ದೇ ಕಟ್ಟಳೆಗಳಿವೆ. ಈ ತೆರಿಗೆಯನ್ನು ಗಿರಾಕಿಯ ಬಿಲ್ಲಿಗೆ ಸೇರಿಸಿ ವಸೂಲು ಮಾಡುವಂತಿಲ್ಲ, ನಿಮ್ಮ ಲಾಭದಿಂದಲೇ ಕೊಡಬೇಕು. ಡಿಸ್ಟ್ರಿಬ್ಯೂಟರ್‌ಗೆ ಕೊಟ್ಟ ಜಿಎಸ್‌ಟಿಯ ಕ್ರೆಡಿಟ್, ಅಂದರೆ ಅದನ್ನು ನೀವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ನೀವು ಕಾಂಪೊಸಿಷನ್‌ನಲ್ಲಿ ಇರುವವರು ಎಂದು ಅಂಗಡಿಯ ಬೋರ್ಡಿನ ಮೇಲೆ ಬರೆಸಬೇಕು. ಬೇರೆ ರಾಜ್ಯಕ್ಕೆ ಮಾರುವಂತಿಲ್ಲ, ಅದು ನಿಮಗೆ ಸಂಬಂಧವೂ ಇಲ್ಲ. ಸಿಗರೇಟಿನಂತೆ ತೀರಾ ತೆಳುವಾದ ಮಾರ್ಜಿನ್ನಿನ ಸಾಮಾನು ಜಾಸ್ತಿ ಮಾರುವವರಿಗೆ ಶೇ. 1 ಕೂಡ ಭಾರವೇ ಆಗಬಹುದು, ಅಂಥವರು ರೆಗ್ಯುಲರ್ ಪದ್ಧತಿಯ, ಅಂದರೆ ಪೂರ್ತಿ ದರದಲ್ಲಿ ತೆರಿಗೆ ಹಾಕಿ ಕ್ರೆಡಿಟ್ ಕಳೆದು ಕಟ್ಟುವ ಸಾಮಾನ್ಯ ಪದ್ಧತಿಯ, ಲೆಕ್ಕವನ್ನೂ ಹಾಕಿ ನೋಡಬೇಕು. ನಿಮ್ಮಲ್ಲಿ ಅದು ಇಲ್ಲದ್ದರಿಂದ ಯೋಚನೆ ಬೇಡ. ಮೂರು ತಿಂಗಳಿಗೊಮ್ಮೆ, ಆ ಮೂರು ತಿಂಗಳು ಮುಗಿದ ಮುಂದಿನ 18ನೇ ತಾರೀಕಿನೊಳಗೆ, ಸಿಎಂಪಿ-08 ಎಂಬ ಫಾರ್ಮಿನಲ್ಲಿ ಹಣ ಕಟ್ಟಬೇಕು. ವರ್ಷಕ್ಕೊಂದು ರಿಟರ್ನನ್ನು ಜೂನ್ 30ರೊಳಗೆ ಹಾಕಬೇಕು. ಅಷ್ಟೇ.

ಒಂದು ಎಚ್ಚರಿಕೆ. ನೋಂದಣಿಯ ಅರ್ಜಿ ತುಂಬುವಾಗಲೇ ಕಾಂಪೊಸಿಷನ್ ಎಂಬ ಜಾಗದಲ್ಲಿ ಗುರುತು ಹಾಕಬೇಕು. ಸೈಬರ್ ಸೆಂಟರಿನಲ್ಲಿ ಅವಸರದಲ್ಲಿ ಅರ್ಜಿ ಹಾಕಿಸಿ, ಆ ಒಂದು ಗುರುತು ತಪ್ಪಿ, ಮುಂದಿನ ಏಪ್ರಿಲ್‌ವರೆಗೆ ರೆಗ್ಯುಲರ್ ಪದ್ಧತಿಯಲ್ಲಿ ಒದ್ದಾಡಿದ ಮೂವರು ನನ್ನ ಹತ್ತಿರ ಬಂದಿದ್ದರು. ಪ್ಯಾನ್, ಆಧಾರ್, ಫೋಟೊ, ಅಂಗಡಿಯ ಬಾಡಿಗೆ ಕರಾರು ಇಲ್ಲವೇ ಕರೆಂಟ್ ಬಿಲ್, ಬ್ಯಾಂಕ್ ವಿವರ ತೆಗೆದುಕೊಂಡು ಹೋಗಿ. ಸರ್ಕಾರಕ್ಕೆ ನೋಂದಣಿ ಶುಲ್ಕ ಎಂದು ಒಂದು ರೂಪಾಯಿಯೂ ಇಲ್ಲ. ಫಾರ್ಮ್ ತುಂಬಿಕೊಟ್ಟವರ ಕೂಲಿ ಬೇರೆ.

ಹಳೆಯ ವರ್ಷಗಳ ಬಗ್ಗೆ ಕೇಳಿದ್ದೀರಿ. ನೋಂದಣಿ ಇಲ್ಲದವರ ಹಿಂದಿನ ಲೆಕ್ಕ ತೆಗೆಯಲು ಕಾನೂನು ಐದು ವರ್ಷದಷ್ಟು ಕಾಲ ಕೊಟ್ಟಿದೆ. ಹಿಂದಿನ ದಿನಾಂಕದಿಂದ ಕಾಂಪೊಸಿಷನ್ ಕೇಳಲು ಬರುವುದಿಲ್ಲ, ಹಳೆಯ ಲೆಕ್ಕಕ್ಕೆ ಪೂರ್ತಿ ದರವೇ ಬೀಳುತ್ತದೆ. ನೋಟಿಸ್‌ಗಳ ಮೊತ್ತ ಅಷ್ಟು ದೊಡ್ಡದಾಗಿ ಕಂಡದ್ದು ಇದರಿಂದಲೇ. ಹಳೆ ಬಾಕಿಗೆ ಕೈ ಹಾಕುವುದಿಲ್ಲ ಎಂದು ಮುಖ್ಯಮಂತ್ರಿಗಳು ಹೇಳಿರುವುದು ಮುಂದೆ ಬಂದು ನೋಂದಣಿ ಆಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಆದ್ದರಿಂದ ನೀವಾಗಿಯೇ ಹೋಗುವುದು ಕ್ಷೇಮ, ಕಾಗದ ಬಂದ ಮೇಲೆ ಹೋಗುವುದು ಕಷ್ಟ. ನಿಮ್ಮ ವಹಿವಾಟು ಮೊದಲ ಸಲ 40 ಲಕ್ಷ ದಾಟಿದ್ದು ಯಾವ ವರ್ಷ, ಯಾವ ತಿಂಗಳು ಎಂಬುದನ್ನು ಸ್ಟೇಟ್‌ಮೆಂಟಿನಿಂದ ಹುಡುಕಿ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಅದನ್ನು ಕೇಳುತ್ತಾರೆ, ಬಾಯಿಗೆ ಬಂದ ದಿನಾಂಕ ಬರೆಯುವಂತಿಲ್ಲ.

ಒಂದು ವೇಳೆ ನೋಟಿಸ್ ಬಂದೇ ಬಂತು ಎನ್ನಿ. ನೋಟಿಸ್ ಎಂದರೆ ‘ಇಷ್ಟು ಕಟ್ಟು’ ಎಂಬ ಅಪ್ಪಣೆಯಲ್ಲ, ‘ಇದಕ್ಕೆ ನಿನ್ನ ಉತ್ತರವೇನು’ ಎಂಬ ಪ್ರಶ್ನೆ. ನಿಮ್ಮ ಮಾತು ಕೇಳದೆ ಆದೇಶ ಮಾಡಲು ಅಧಿಕಾರಿಗೆ ಬರುವುದಿಲ್ಲ. ಕೆಟ್ಟದ್ದೆಂದರೆ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟು ಸುಮ್ಮನಾಗುವುದು. ಉತ್ತರ ಬರದಿದ್ದರೆ ಅಧಿಕಾರಿ ತನ್ನ ಹತ್ತಿರ ಇರುವ ಜಮಾ ಮೊತ್ತವನ್ನೇ ಹಿಡಿದು ಆದೇಶ ಬರೆಯುತ್ತಾರೆ. ಆಮೇಲೆ ಮೂರು ತಿಂಗಳೊಳಗೆ, ವಿವಾದದಲ್ಲಿರುವ ತೆರಿಗೆಯ ಶೇ. 10 ಕಟ್ಟಿ ಮೇಲ್ಮನವಿಗೆ ಹೋಗಬೇಕಾಗುತ್ತದೆ. ಹಾಲಿನ ಇಂಡೆಂಟ್ ಚೀಟಿಗಳು, ಡಿಸ್ಟ್ರಿಬ್ಯೂಟರ್ ಬಿಲ್ಲುಗಳು, ಚೀಟಿಯ ಪಾಸ್‌ಬುಕ್ಕು, ಮಗಳು ಹಣ ಹಾಕಿದ ಸಾಲುಗಳಿಗೆ ಪೆನ್ಸಿಲ್ ಗುರುತು ಹಾಕಿದ ಸ್ಟೇಟ್‌ಮೆಂಟು, ಇಷ್ಟಿದ್ದರೆ ನಿಮ್ಮ ವ್ಯಾಪ್ತಿಯ ಜಿಎಸ್‌ಟಿ ಕಚೇರಿಗೆ ಹೋಗಿ ಕೂತು ಮಾತಾಡಬಹುದು. ಇನ್ನೊಂದು: ‘ನೋಟಿಸ್ ಇದೆ, ಈ ನಂಬರಿಗೆ ದುಡ್ಡು ಹಾಕಿ ಬಗೆಹರಿಸ್ತೀವಿ’ ಎಂದು ಫೋನ್ ಮಾಡುವವರು ಮೋಸಗಾರರು. ಕೂಡಲೇ ಫೋನ್ ಇಟ್ಟುಬಿಡಿ. ಹಾಗೇನಾದರೂ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೈದುನನ ಕ್ಯೂಆರ್ ವಿಷಯಕ್ಕೆ ಬರುತ್ತೇನೆ. ಬೇಡವೇ ಬೇಡ. ಕಾನೂನು ಕೇಳುವುದು ಮಾರಿದವರು ಯಾರು ಎಂದು, ಹಣ ಯಾರ ಖಾತೆಗೆ ಬಿತ್ತು ಎಂಬುದರಿಂದ ಅದು ಬದಲಾಗುವುದಿಲ್ಲ. ನಾಳೆ ಮೈದುನನಿಗೇ ನೋಟಿಸ್ ಬಂದರೆ ಅವರು ‘ಅಂಗಡಿ ಅಣ್ಣಂದು’ ಎಂದು ಬರೆದುಕೊಡಬೇಕಾಗುತ್ತದೆ. ಅಲ್ಲಿಗೆ ತೆರಿಗೆಯ ಜೊತೆ ಮುಚ್ಚಿಟ್ಟ ಆರೋಪವೂ ನಿಮ್ಮ ತಲೆಗೆ. ಇಂಥ ಒಂದು ಸ್ಟಿಕ್ಕರಿನಿಂದ ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಯೊಂದು ನನಗೆ ಗೊತ್ತು. ಗಿರಾಕಿಗಳಿಂದ ‘ಕೈಸಾಲ’ ಎಂದು ಬರೆಸಿಕೊಂಡು ಹಣ ಹಾಕಿಸಿಕೊಳ್ಳುವುದೂ ಅಷ್ಟೇ ಅಪಾಯ. ದಿನಕ್ಕೆ ಎಂಬತ್ತು ಜನ ಇಪ್ಪತ್ತೆರಡು ರೂಪಾಯಿ, ನಲವತ್ತು ರೂಪಾಯಿ ಕೈಸಾಲ ಕೊಟ್ಟರು ಎಂದರೆ ಯಾರು ನಂಬುತ್ತಾರೆ?

ಆದಾಯ ತೆರಿಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ಯುಪಿಐ ನಿಮ್ಮ ಪರವಾಗಿಯೇ ಇದೆ. ಸಣ್ಣ ವ್ಯಾಪಾರಿಗಳಿಗಿರುವ ಅಂದಾಜು ಲಾಭದ ಯೋಜನೆಯಲ್ಲಿ ನಗದು ಮಾರಾಟಕ್ಕೆ ಕನಿಷ್ಠ ಶೇ. 8 ಲಾಭ ತೋರಿಸಬೇಕು, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ. 6 ಸಾಕು. ನಿಮ್ಮ 39 ಲಕ್ಷಕ್ಕೆ ಶೇ. 6 ಎಂದರೆ 2,34,000, 9 ಲಕ್ಷ ನಗದಿಗೆ ಶೇ. 8 ಎಂದರೆ 72,000. ಒಟ್ಟು 3,06,000. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಅದನ್ನೇ ತೋರಿಸಿ. ಇಷ್ಟು ಆದಾಯಕ್ಕೆ ಕಟ್ಟುವ ತೆರಿಗೆ ಸೊನ್ನೆ. ಆದರೂ ರಿಟರ್ನ್ ಹಾಕಿ. ಮಗಳ ಮದುವೆಗೋ ಅಂಗಡಿಯ ಫ್ರಿಜ್ಜಿಗೋ ಬ್ಯಾಂಕಿನಲ್ಲಿ ಸಾಲ ಕೇಳುವ ದಿನ, ಮೂರು ವರ್ಷದ ರಿಟರ್ನು ಮತ್ತು ದಿನಾ ಜಮಾ ತೋರಿಸುವ ಸ್ಟೇಟ್‌ಮೆಂಟು ಮ್ಯಾನೇಜರ ಮೇಜಿನ ಮೇಲೆ ನಿಮ್ಮ ಪರ ಮಾತಾಡುತ್ತವೆ. ನಗದು ವ್ಯಾಪಾರಕ್ಕೆ ಆ ಸಾಕ್ಷಿ ಇಲ್ಲ. ಬಡ್ಡಿಯವರ ಹತ್ತಿರ ತಿಂಗಳಿಗೆ ನೂರಕ್ಕೆ ಮೂರರಂತೆ ತಂದು ಅಂಗಡಿಯನ್ನೇ ಕಳೆದುಕೊಂಡ ಎಷ್ಟೋ ಜನಕ್ಕೆ ಕೊರತೆಯಾಗಿದ್ದು ಇದೊಂದೇ ಕಾಗದ.

ಇನ್ನು ಕೆಲಸ. ಬ್ಯಾಂಕಿಗೆ ಹೋಗಿ ಅಂಗಡಿಯ ಹೆಸರಿನಲ್ಲಿ ಒಂದು ಕರೆಂಟ್ ಅಕೌಂಟ್ ತೆಗೆಸಿ, ಹೊಸ ಕ್ಯೂಆರ್ ಅದಕ್ಕೇ ಜೋಡಿಸಿ. ಮಗಳಿಗೆ, ಚೀಟಿಯವರಿಗೆ ಹಳೆಯ ಉಳಿತಾಯ ಖಾತೆಯೇ ಇರಲಿ. ಕ್ಯಾಶ್ ಕೇಳಿ ಫೋನ್‌ಪೇ ಮಾಡುವವರಿಗೆ ‘ಇಲ್ಲ ಕಣಪ್ಪ, ಎಟಿಎಂ ಅಲ್ಲೇ ಇದೆ’ ಎಂದು ನಯವಾಗಿ ಹೇಳಿ. ಒಂದು ಉದ್ದನೆಯ ನೋಟ್‌ಬುಕ್ ತಂದು ದಿನಕ್ಕೊಂದು ಸಾಲು ಬರೆಯಿರಿ: ಹಾಲು, ಬ್ರೆಡ್ಡು-ಹಣ್ಣು, ಉಳಿದದ್ದು, ಯುಪಿಐ, ನಗದು. ಐದು ಕಾಲಂ ಸಾಕು. ರಾತ್ರಿ ಶಟರ್ ಎಳೆಯುವ ಮುಂಚೆ ಮೂರು ನಿಮಿಷದ ಕೆಲಸ. ಖರೀದಿ ಬಿಲ್ಲುಗಳನ್ನು ತಿಂಗಳಿಗೊಂದು ಕಟ್ಟು ಮಾಡಿ ಸುತಲಿ ಬಿಗಿದು ಆರು ವರ್ಷ ಇಟ್ಟುಕೊಳ್ಳಿ, ಸಾಮಾನು ಸುತ್ತಲು ಬಳಸಬೇಡಿ.

ಯಜಮಾನರನ್ನು ಒಪ್ಪಿಸುವುದು ಹೇಗೆ ಎಂದು ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀರಿ. ಅವರು ಹಟದಿಂದ ಕಿತ್ತಿಲ್ಲ, ಭಯದಿಂದ ಕಿತ್ತಿದ್ದಾರೆ. ಹದಿನಾಲ್ಕು ವರ್ಷ ಬೆಳಗಿನ ನಾಲ್ಕೂವರೆಗೆ ಎದ್ದು ಹಾಲಿನ ಕ್ರೇಟು ಇಳಿಸಿಕೊಂಡವರಿಗೆ ಎಂಟು ಲಕ್ಷ ಎಂದರೆ ಏನೆಂದು ನನಗೆ ಅರ್ಥವಾಗುತ್ತದೆ. ಅದಕ್ಕೇ ಉಪದೇಶ ಬೇಡ. ಬ್ಯಾಂಕಿನಿಂದ ಆ ವರ್ಷದ ಸ್ಟೇಟ್‌ಮೆಂಟನ್ನು ಪ್ರಿಂಟ್ ತೆಗೆಸಿ ತನ್ನಿ, ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಕೆಂಪು ಪೆನ್ನು ಹಿಡಿದು ಕೂತುಕೊಳ್ಳಿ. ವ್ಯಾಪಾರದ್ದಲ್ಲದ ಸಾಲುಗಳನ್ನು ಅವರೇ ಹೊಡೆಯಲಿ. ಚೀಟಿ ದುಡ್ಡು ಬಂದ ದಿನ ಯಾವುದೆಂದು ಅವರಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ.